ಕಾಲ್ ಹೆಬ್ಬೆಟ್ಟಿನ ಉರಿಯೂ ಗೌರಿ ಹೂವೂ

ತೆಕ್ಕಟ್ಟೆ ಬದಿಯಂಗೆ ಕಾಲಿನ ಯಾವ ನೋವಿಗೂ ಹೆಸ್ರ್ ಒಂದೇ: ವಾತ. ಮಂಡಿ ಹಿಡಿದ್ರೂ ವಾತ, ಸೊಂಟ ಹಿಡಿದ್ರೂ ವಾತ. ರಾತ್ರಿ ಮಲಗಿ ಬೆಳಗಾಪುದ್ರೊಳಗೆ ಹೆಬ್ಬೆಟ್ಟಿನ ಬುಡದ ಗಂಟು ಕೆಂಪಗೆ ಬೀಗಿ, ಹೊದ್ದ ಬಟ್ಟೆ ತಾಗ್ರೂ ಜೀವ ಹೋಪಂಥ ನೋವು ಬಂದ್ರೆ ಅದೂ ವಾತವೇ. ಈ ಕಡೇದಕ್ಕೆ ಮಾತ್ರ ಬೇರೆಯೇ ಒಂದು ಚರಿತ್ರೆ ಇತ್ತ್ ಕಾಣಿ. ಆಯುರ್ವೇದದವರು ಇದನ್ನು ವಾತರಕ್ತ ಅಂದ್ರು, ಈಗಿನ ಡಾಕ್ಟ್ರು ಗೌಟ್ ಅಂತ್ರ್.

ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ 29ನೇ ಅಧ್ಯಾಯ ಪೂರ್ತಿ ಇದರದ್ದೇ. ಅಲ್ಲಿ ಇದಕ್ಕೆ 'ಆಢ್ಯವಾತ' ಅಂತಲೂ ಹೆಸರಿದೆ, ಅಂದ್ರೆ ಸಿರಿವಂತರ ವಾತ. ಮೈ ಬಗ್ಗಿಸದೆ ಉಂಡು, ಹಗಲು ನಿದ್ದೆ ಹೊಡೆಯುವವರಿಗೆ ಬಪ್ಪುದು ಅಂತ ಲೆಕ್ಕ. ಕಾರಣದ ಪಟ್ಟಿಯಲ್ಲಿ ಉಪ್ಪು, ಹುಳಿ, ಮದ್ಯದ ಒಟ್ಟಿಗೆ ಹುರುಳಿಯೂ ಇತ್ತ್. ಹುರ್ಳಿ ಸಾರ್ ಬಿಟ್ಟ್ ಬದುಕುದು ಹ್ಯಾಂಗೆ ಅಂತ ಹೆದರ್ಬೇಡಿ. ಈಗಿನ ತಿಳಿವಳಿಕೆಯಂತೆ ಬೇಳೆಕಾಳಿನ ಪಾಲು ಕಡಿಮೆ. ಹೆಚ್ಚು ತೊಂದರೆ ಕೊಡುವುದು ಬೈಗೆ (ಬೂತಾಯಿ) ಮೀನು, ಕುರಿ ಲಿವರ್, ಬಿಯರ್, ಸಕ್ಕರೆ ಹಾಕಿದ ಬಾಟ್ಲಿ ಪಾನೀಯ.

ಗ್ರೀಸಿನ ಹಿಪೊಕ್ರೆಟಿಸನ ಹೆಸರಿನ ಹಳೆ ಗ್ರಂಥದಲ್ಲಿ, ಹೆಂಗಸರಿಗೆ ಮುಟ್ಟು ನಿಲ್ಲುವ ತನಕ ಈ ರೋಗ ಬರುವುದಿಲ್ಲ ಅಂತ ಬರೆದಿದೆ. ಇದು ಬಹುಮಟ್ಟಿಗೆ ಸರಿಯೇ. ಈಸ್ಟ್ರೋಜನ್ ಇರುವ ತನಕ ಕಿಡ್ನಿ ಯೂರಿಕ್ ಆಮ್ಲವನ್ನು ಚೆನ್ನಾಗಿ ಹೊರಗೆ ಹಾಕ್ತದೆ. ಆದ್ರಿಂದ 'ಇದು ಕುಡಿವ ಗಂಡಸರ ಕಾಯಿಲೆ' ಅಂತ ಅಮ್ಮಮ್ಮನ ಕಾಲಿನ ಬಾವನ್ನು ಸಸಾರ ಮಾಡುಕಾಗ. ಬಿಪಿಗೆ ಮೂತ್ರ ಹೋಗಿಸುವ ಗುಳಿಗೆ ತಿಂಬರಿಗೂ ಇದು ಬಪ್ಪುದಿತ್ತ್.

ಕಾರಣ ಸಿಕ್ಕಲು ಬಹಳ ಕಾಲ ಹೋಯ್ತು. 1776ರಲ್ಲಿ ಶೀಲೆ ಎಂಬ ರಸಾಯನಶಾಸ್ತ್ರಜ್ಞ ಮೂತ್ರದ ಕಲ್ಲಿನಲ್ಲಿ ಯೂರಿಕ್ ಆಮ್ಲ ಕಂಡ. 1848ರಲ್ಲಿ ಲಂಡನ್ನಿನ ಗ್ಯಾರಡ್, ಗೌಟ್ ಇದ್ದವರ ರಕ್ತದಲ್ಲಿ ಅದು ಹೆಚ್ಚಿರುವುದನ್ನು ತೋರಿಸಿದ. ರಕ್ತದಲ್ಲಿ ಕರಗಿ ಇರಬೇಕಾದ ಇದು ಹೆಚ್ಚಾದಾಗ ಸೂಜಿಯ ಹಾಗೆ ಹರಳು ಕಟ್ತದೆ. ಕಾಲಿನ ತುದಿ ಮೈಯ ಉಳಿದ ಭಾಗಕ್ಕಿಂತ ತಣ್ಣಗೆ ಇಪ್ಪುದ್ರಿಂದ ಹರಳು ಅಲ್ಲೇ ಮೊದಲು ಕೂರುವುದು ಹೆಚ್ಚು.

ಮದ್ದಿನ ಕಥೆ ನಮ್ಮ ಬೇಲಿಗೇ ಬತ್ತ್. ಯುರೋಪಿನವರು ಕಾಲ್ಚಿಕಮ್ ಗಿಡದ ಗೆಡ್ಡೆಯನ್ನು ಬಹಳ ಕಾಲದಿಂದ ಇದಕ್ಕೆ ಕೊಡ್ತಿದ್ರು. 1820ರಲ್ಲಿ ಫ್ರಾನ್ಸಿನ ಪೆಲೆಟಿಯೇ, ಕಾವೆಂಟು ಅದರ ಸಾರವನ್ನು ಬೇರ್ಪಡಿಸಿದರು. ಅದೇ ಈಗಿನ ಕಾಲ್ಚಿಸಿನ್ ಗುಳಿಗೆ. ಮಳೆಗಾಲದಲ್ಲಿ ಬೇಲಿ ಮೇಲೆ ಬೆಂಕಿಯ ಹಾಗೆ ಕೆಂಪು-ಹಳದಿ ಎಸಳು ಬಿಡುವ ಗೌರಿ ಹೂವಿನ (ಅಗ್ನಿಶಿಖೆಯ) ಗೆಡ್ಡೆಯಲ್ಲೂ ಬೀಜದಲ್ಲೂ ಇರುವುದು ಇದೇ ಸಾರ. ತಮಿಳುನಾಡಿನ ರೈತರು ಬೀಜ ಮಾರಲೆಂದೇ ಈ ಬಳ್ಳಿ ಬೆಳೆಸ್ತಾರೆ. ಹಾಂಗಂತ ಅಗೆದು ಅರೆದು ಕುಡಿಬೇಡಿ! ಮದ್ದಿಗೂ ವಿಷಕ್ಕೂ ನಡುವೆ ಅಂತರ ಬಹಳ ಕಮ್ಮಿ, ಗೆಡ್ಡೆ ತಿಂದು ಸತ್ತವರಿದ್ದಾರೆ. ಎಷ್ಟು ಅಂತ ಅಳೆದು ಕೊಡುವುದೇ ಗುಳಿಗೆಯ ಉಪಕಾರ.

ಕಾಲ್ಚಿಸಿನ್ ಬಾವು ಇಳಿಸ್ತದೆ, ಯೂರಿಕ್ ಆಮ್ಲ ಇಳಿಸುವುದಿಲ್ಲ. ಅದಕ್ಕೆ 1966ರಲ್ಲಿ ಅಮೆರಿಕದಲ್ಲಿ ಅಲೊಪ್ಯುರಿನಾಲ್ ಬಂತು. ಅದರ ಹಿಂದಿದ್ದ ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ ಇಬ್ಬರಿಗೂ 1988ರಲ್ಲಿ ನೊಬೆಲ್ ಸಿಕ್ಕಿತು. ಇಂಥ ಗುಳಿಗೆ ಹಿಡಿದವರು ಆಮ್ಲ 6ರ ಕೆಳಗೆ ನಿಲ್ಲುವ ಹಾಗೆ ದಿನಾ ತಿನ್ಕ್. ನೋವು ಹೋಯ್ತಂತ ಬಿಟ್ರೆ ಹರಳು ಮತ್ತೆ ಕಟ್ತದೆ.

ಮನೆಯಲ್ಲಿ ಮಾಡುಕಿಪ್ಪುದು ಇಷ್ಟು: ಉಳುಕು ಅಂತ ಎಣ್ಣೆ ಹಾಕಿ ತಿಕ್ಕಬೇಡಿ, ಕಾಲು ಮೇಲೆ ಇಟ್ಟು ತಣ್ಣೀರ್ ಬಟ್ಟೆ ಹಾಕಿ. ಅಂಗಡಿಯ ನೋವಿನ ಗುಳಿಗೆ ವಾರಗಟ್ಟಲೆ ನುಂಗಿದ್ರೆ ಕಿಡ್ನಿಗೆ ಪೆಟ್ಟು. ನೋವಿದ್ದ ದಿನ ರಕ್ತಪರೀಕ್ಷೆಯಲ್ಲಿ ಆಮ್ಲ ಸರಿ ಕಂಡ್ರೂ ನಂಬಬೇಡಿ, ಎರಡು ವಾರ ಕಳೆದು ಮತ್ತೊಮ್ಮೆ ಮಾಡಿಸ್ಕ್. ಎರಡೂ ಪಾದದ ಸಣ್ಣ ಗಂಟು ಬೆಳಿಗ್ಗೆ ಗಂಟೆಗಟ್ಟಲೆ ಬಿಗಿದ್ರೆ ಅದು ಬೇರೆ ರೋಗ, ಅದಕ್ಕೆ ಬೇರೆ ಮದ್ದು. ಜ್ವರ ಬಂದ್ರೆ, ಇಲ್ಲಾ ಸಕ್ಕರೆ ಕಾಯಿಲೆ ಇದ್ರೆ, ಅದೇ ದಿನ ಡಾಕ್ಟ್ರ ಹತ್ರ ಹೋಯ್ಕ್. ಸಿರಿವಂತರ ವಾತ ಅನ್ನುವ ಹೆಸರು ಹಳೇದಾಯ್ತು, ಈಗ ಅದು ಯಾರ ಮನೆಗೂ ಬಪ್ಪುದೇ.