ಕಾರ್ಕೇಜ್: ಕ್ರೂಸ್ ಹಡಗಿನ ಊಟಕ್ಕೆ ಸ್ವಂತ ವೈನ್

ಕ್ರೂಸ್ ಹಡಗಿನ ಪ್ರಯಾಣಿಕರು ತಾವೇ ತಂದ ವೈನನ್ನು ಹಡಗಿನ ಊಟದ ಹಾಲಿನಲ್ಲಿ ಕುಡಿಯಬಯಸಿದರೆ, ಅದರ ಬಿರಡೆ ತೆಗೆದು, ಗ್ಲಾಸು ಇಟ್ಟು, ಬಡಿಸುವುದಕ್ಕೆ ಹಡಗು ಪಡೆಯುವ ಶುಲ್ಕವೇ ಕಾರ್ಕೇಜ್. ಇದನ್ನು ಬಿರಡೆ ಶುಲ್ಕ ಎನ್ನಬಹುದು. ಅಮೆರಿಕದ ದೊಡ್ಡ ಕ್ರೂಸ್ ಕಂಪನಿಗಳಲ್ಲಿ ಈ ಶುಲ್ಕ 750 ಮಿಲಿಲೀಟರಿನ ಬಾಟಲಿಗೆ ಸುಮಾರು 15ರಿಂದ 30 ಡಾಲರು. ಎಷ್ಟು ಬಾಟಲಿ ತರಬಹುದು, ಯಾವಾಗ ತರಬಹುದು, ಎಲ್ಲಿ ಕುಡಿದರೆ ಶುಲ್ಕವಿಲ್ಲ ಎಂಬುದೆಲ್ಲ ಕಂಪನಿಯಿಂದ ಕಂಪನಿಗೆ ಬೇರೆ.

ಹೆಸರು ಬಂದದ್ದು ಕಾರ್ಕ್‌ನಿಂದ, ಅಂದರೆ ಬೆಂಡಿನ ಬಿರಡೆಯಿಂದ. ಇದು ಕಾರ್ಕ್ ಓಕ್ ಮರದ ತೊಗಟೆ. ಜಗತ್ತಿನ ಕಾರ್ಕಿನಲ್ಲಿ ಅರ್ಧದಷ್ಟು ಪೋರ್ಚುಗಲ್ ದೇಶದ್ದು. ನೆಟ್ಟ ಮರದ ತೊಗಟೆಯನ್ನು ಮೊದಲ ಸಲ ಸುಲಿಯಲು ಸುಮಾರು 25 ವರ್ಷ ಕಾಯಬೇಕು. ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ ಸುಲಿಯಬಹುದು. ಇಂದು ಬಿರಡೆಯ ಬದಲು ಲೋಹದ ತಿರುಪು ಮುಚ್ಚಳ ಹಾಕಿದ ವೈನ್ ಧಾರಾಳವಾಗಿ ಬರುತ್ತದೆ. ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ತಯಾರಕರು 2000ದ ಸುಗ್ಗಿಯಲ್ಲಿ ಒಟ್ಟಾಗಿ ತಮ್ಮ ರೀಸ್ಲಿಂಗ್ ವೈನಿಗೆ ತಿರುಪು ಮುಚ್ಚಳ ಹಾಕಿದ ಮೇಲೆ ಅದಕ್ಕೆ ಮರ್ಯಾದೆ ಬಂತು. ಮುಚ್ಚಳ ತಿರುವಿ ತೆಗೆಯಲು ಕ್ಷಣ ಸಾಕು, ಆದರೂ ಶುಲ್ಕ ಅಷ್ಟೇ. ಇದನ್ನು ಅನ್ಯಾಯ ಎನ್ನುವವರಿದ್ದಾರೆ. ಆದರೆ ಆ ಹಣ ಹೋಗುವುದು ಬಿರಡೆ ಕೀಳುವ ಶ್ರಮಕ್ಕಲ್ಲ; ಗ್ಲಾಸಿಗೆ, ಅದನ್ನು ತೊಳೆಯುವ ಕೈಗೆ, ಮೇಜಿಗೆ, ಮತ್ತು ಆ ಮೇಜಿನಲ್ಲಿ ಮಾರಾಟವಾಗದೆ ಉಳಿದ ಹಡಗಿನ ಬಾಟಲಿಗೆ.

ನೆಲದ ಮೇಲೆ ಈ ಪದ್ಧತಿ ಬೆಳೆದದ್ದಕ್ಕೆ ಮದ್ಯದ ಪರವಾನಗಿ ಕಾನೂನು ಒಂದು ಮುಖ್ಯ ಕಾರಣ. ಮೆಲ್ಬರ್ನಿನಲ್ಲಿ 1960ರ ದಶಕದಿಂದ ಪರವಾನಗಿ ಇಲ್ಲದ ಸಣ್ಣ ಹೋಟೆಲುಗಳಿಗೆ ಗಿರಾಕಿಗಳು ಸ್ವಂತ ಬಾಟಲಿ ಒಯ್ಯುವುದು ರೂಢಿಯಾಯಿತು. ನ್ಯೂಜಿಲೆಂಡ್ 1976ರಲ್ಲಿ ಅದಕ್ಕೆಂದೇ ಪ್ರತ್ಯೇಕ ಪರವಾನಗಿ ತಂದಿತು. ಕೆನಡಾದ ಮಾಂಟ್ರಿಯಲ್‌ನಲ್ಲಿ ನಿಮ್ಮ ವೈನ್ ನೀವೇ ತನ್ನಿ ಎಂದು ಬಾಗಿಲಲ್ಲೇ ಬರೆದು ಹಾಕಿದ ಹೋಟೆಲುಗಳಿವೆ. ವೈನ್ ಮಾರಲು ಆಗದ ಹೋಟೆಲಿಗೆ ಗಿರಾಕಿಯ ಬಾಟಲಿಯಿಂದ ಊಟದ ವ್ಯಾಪಾರ ಹೆಚ್ಚುತ್ತದೆ. ಹಡಗಿನ ಸ್ಥಿತಿ ಹಾಗಲ್ಲ. ಅದರ ಬಳಿ ದೊಡ್ಡ ವೈನ್ ಪಟ್ಟಿಯೇ ಇದೆ, ಮಾರಬೇಕೆಂಬ ಒತ್ತಡವೂ ಇದೆ.

ಈ ಒತ್ತಡ ಹಳೆಯ ಹಡಗುಗಳಿಗೆ ಇಷ್ಟಿರಲಿಲ್ಲ. ಅಟ್ಲಾಂಟಿಕ್ ದಾಟುತ್ತಿದ್ದ ಫ್ರೆಂಚ್ ಲೈನ್ ಹಡಗುಗಳಲ್ಲಿ ಊಟದ ಜೊತೆ ಸಾದಾ ವೈನ್ ಉಚಿತವಾಗಿತ್ತು. ಫ್ರೆಂಚರಿಗೆ ಅದು ಬ್ರೆಡ್ಡಿನಷ್ಟೇ ಊಟದ ಭಾಗ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿದ್ದಾಗ ಸಮುದ್ರದ ಲೆಕ್ಕ ತಲೆಕೆಳಗಾಯಿತು. 1923ರಲ್ಲಿ ಕ್ಯೂನಾರ್ಡ್ ಕಂಪನಿಯ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಅಮೆರಿಕದ ಕರಾವಳಿ ಜಲದೊಳಗೆ ವಿದೇಶಿ ಹಡಗು ಕೂಡ ಮದ್ಯ ಇಟ್ಟುಕೊಳ್ಳುವಂತಿಲ್ಲ ಎಂದಿತು. ಮರುವರ್ಷ ಬ್ರಿಟನ್ನಿನೊಡನೆ ಒಪ್ಪಂದವಾಗಿ, ಆ ಜಲದೊಳಗಿರುವಷ್ಟು ಹೊತ್ತು ಮೊಹರು ಹಾಕಿಟ್ಟರೆ ಸಾಕು ಎಂಬ ದಾರಿ ಸಿಕ್ಕಿತು. ದಡ ಕಣ್ಮರೆಯಾದ ಮೇಲೆ ಕುಡಿಯಲೆಂದೇ ಟಿಕೆಟ್ ಕೊಳ್ಳುವವರು ಹುಟ್ಟಿಕೊಂಡರು. ಎಲ್ಲಿಗೂ ಹೋಗದೆ ಸುತ್ತಿಬರುವ ವಿಹಾರಯಾನಗಳು ಆ ವರ್ಷಗಳಲ್ಲಿ ಜನಪ್ರಿಯವಾದವು.

ಇಂದಿನ ಕ್ರೂಸ್ ವ್ಯಾಪಾರ ರೂಪುಗೊಂಡದ್ದು 1960ರ ದಶಕದ ಕೊನೆ ಮತ್ತು 70ರ ದಶಕದಲ್ಲಿ. ರಾಯಲ್ ಕೆರಿಬಿಯನ್ ಸ್ಥಾಪನೆಯಾದದ್ದು 1968ರಲ್ಲಿ, ಕಾರ್ನಿವಲ್ 1972ರಲ್ಲಿ. ಟಿಕೆಟ್ ದರವನ್ನು ಮಧ್ಯಮ ವರ್ಗದ ಕೈಗೆಟುಕುವಷ್ಟು ಇಳಿಸಿ, ಮೂರು ಹೊತ್ತಿನ ಊಟವನ್ನು ಅದರಲ್ಲೇ ಸೇರಿಸಿ, ಲಾಭವನ್ನು ಹಡಗಿನೊಳಗಿನ ಖರ್ಚಿನಿಂದ ತೆಗೆಯುವುದು ಈ ವ್ಯಾಪಾರದ ತಿರುಳು. ಬಾರು, ಕ್ಯಾಸಿನೊ, ದಡದ ಪ್ರವಾಸ, ಸ್ಪಾ ಮುಂತಾದವುಗಳಿಂದ ಬರುವ ಹಣ ದೊಡ್ಡ ಕಂಪನಿಗಳ ಒಟ್ಟು ಆದಾಯದ ಸುಮಾರು ಶೇಕಡ 30ರಷ್ಟಾಗುತ್ತದೆ. ಊಟಕ್ಕೆ ಬೇರೆ ಹಣವಿಲ್ಲ, ಕುಡಿತಕ್ಕೆ ಇದೆ. ಆದ್ದರಿಂದಲೇ ಹಡಗು ಹತ್ತುವ ಬಾಟಲಿಯ ಮೇಲೆ ಇಷ್ಟು ಕಣ್ಣು.

ಹೆಚ್ಚಿನ ಕಂಪನಿಗಳು ಒಪ್ಪುವ ಒಂದು ಅಂಶವಿದೆ: ವೈನ್ ಅಥವಾ ಷಾಂಪೇನ್ ಆದೀತು, ವಿಸ್ಕಿ, ರಮ್, ವೋಡ್ಕಾ ಆಗದು. ಬಾಟಲಿ ತೆರೆದಿರಬಾರದು. ಸೀಲ್ ನೋಡುವುದಕ್ಕೆ ಕಾರಣ ಜನರೇ. ವೈನ್ ಬಾಟಲಿಯಲ್ಲಿ ವೋಡ್ಕಾ ತುಂಬಿ ಬಿರಡೆ ಒತ್ತಿ ತರುವುದು, ನೀರಿನ ಬಾಟಲಿಯಲ್ಲಿ ಜಿನ್ ತರುವುದು ಎಷ್ಟು ಹೆಚ್ಚಿತೆಂದರೆ, 2015ರಲ್ಲಿ ಕಾರ್ನಿವಲ್ ನೀರು, ಸೋಡಾ ಬಾಟಲಿಗಳನ್ನೇ ನಿಲ್ಲಿಸಿ, ಮದ್ಯವಲ್ಲದ ಪಾನೀಯ ಬೇಕಿದ್ದರೆ ಡಬ್ಬಿಯಲ್ಲಿ ಮಾತ್ರ ತನ್ನಿ ಎಂದಿತು. ಕೆಲವರ ಕಳ್ಳದಾರಿಯಿಂದ ಎಲ್ಲರ ಚೀಲದ ತಪಾಸಣೆ ಬಿಗಿಯಾಯಿತು.

ಮುಂದಿನದು ಈಚಿನ ವರ್ಷಗಳ ಸ್ಥಿತಿ. ಈ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ವಾರ ಕಂಪನಿಯ ಪುಟವನ್ನು ಒಮ್ಮೆ ಓದಿಕೊಳ್ಳಬೇಕು. ಕಾರ್ನಿವಲ್ ಮತ್ತು ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಕುಡಿಯುವ ವಯಸ್ಸಾದವರು ತಲಾ ಒಂದು ಬಾಟಲಿಯನ್ನು ಹತ್ತುವ ದಿನ ಮಾತ್ರ ತರಬಹುದು. ಪ್ರಿನ್ಸೆಸ್ ಕೂಡ ತಲಾ ಒಂದನ್ನು ಬಿಡುತ್ತದೆ. ಅದನ್ನು ಕೋಣೆಯಲ್ಲೇ ಕುಡಿದರೆ ಶುಲ್ಕವಿಲ್ಲ, ಊಟದ ಹಾಲಿಗೆ ಒಯ್ದರೆ ಇದೆ. ನಾರ್ವೀಜಿಯನ್ ಕಂಪನಿಯ ರೀತಿಯೇ ಬೇರೆ. ಅದರಲ್ಲಿ ಎಷ್ಟು ಬಾಟಲಿಯಾದರೂ ತರಬಹುದು, ಆದರೆ ಹತ್ತುವಾಗಲೇ ಒಂದೊಂದಕ್ಕೂ 15 ಡಾಲರು, ಒಂದೂವರೆ ಲೀಟರಿನ ಮ್ಯಾಗ್ನಮ್ ಆದರೆ 30 ಡಾಲರು ಕಟ್ಟಬೇಕು. ಎಲ್ಲಿ ಕುಡಿದರೂ ಅಷ್ಟೇ. ಡಿಸ್ನಿ ಹಡಗುಗಳು ಹತ್ತುವ ದಿನವಷ್ಟೇ ಅಲ್ಲ, ದಾರಿಯ ಪ್ರತಿ ಬಂದರಿನಲ್ಲೂ ತಲಾ ಎರಡು ಬಾಟಲಿ ತರಲು ಬಿಡುತ್ತವೆ. ಟಿಕೆಟ್ ದರವೇ ಎತ್ತರದಲ್ಲಿರುವ ವೈಕಿಂಗ್ ಹಡಗುಗಳಲ್ಲಿ ಕಾರ್ಕೇಜೇ ಇಲ್ಲ. ಊಟದ ಜೊತೆ ವೈನ್ ಅಲ್ಲಿ ಮೊದಲೇ ಸೇರಿದೆ. ಟಿಕೆಟ್ ಅಗ್ಗವಾದಷ್ಟೂ ಬಾಟಲಿಯ ನಿಯಮ ಬಹುಮಟ್ಟಿಗೆ ಬಿಗಿ ಎಂಬುದು ಈ ಸಾಲಿನಿಂದ ತಿಳಿಯುತ್ತದೆ.

ಅಮೆರಿಕದ ಬಂದರಿನಿಂದ ಹೊರಡುವ ಹಡಗಿನಲ್ಲಿ ಕುಡಿಯುವ ವಯಸ್ಸು 21. ಬ್ರಿಟನ್, ಯೂರೋಪು, ಆಸ್ಟ್ರೇಲಿಯಾದಿಂದ ಹೊರಟರೆ ಸಾಮಾನ್ಯವಾಗಿ 18.

ಬಾಟಲಿ ಎಲ್ಲಿಡಬೇಕೆಂಬುದರಲ್ಲಿ ಹೊಸಬರು ಹೆಚ್ಚಾಗಿ ಎಡವುತ್ತಾರೆ. ವಿಮಾನದಲ್ಲಿ ಕೈಚೀಲಕ್ಕೆ 100 ಮಿಲಿಲೀಟರಿನ ಮಿತಿ ಇರುವುದರಿಂದ ವೈನನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಸುತ್ತಿಡಬೇಕು. ಹಡಗಿನಲ್ಲಿ ಇದಕ್ಕೆ ತದ್ವಿರುದ್ಧ: ಬಾಟಲಿ ಕೈಚೀಲದಲ್ಲೇ ಇರಬೇಕು. ಕೂಲಿಯವರ ಕೈಗೆ ಕೊಟ್ಟ ಪೆಟ್ಟಿಗೆಯಲ್ಲಿ ಎಕ್ಸ್-ರೇಯಡಿ ಬಾಟಲಿಯ ಆಕಾರ ಕಂಡರೆ ಪೆಟ್ಟಿಗೆ ಕೋಣೆಗೆ ಬರುವುದೇ ಇಲ್ಲ. ಭದ್ರತಾ ವಿಭಾಗದ ಕೋಣೆಗೆ ಹೋಗಿ ಅವರೆದುರು ತೆರೆದು ತೋರಿಸಬೇಕಾಗುತ್ತದೆ. ಮೊದಲ ದಿನದ ಸಂಜೆ ಊಟದ ಬಟ್ಟೆ ಆ ಪೆಟ್ಟಿಗೆಯಲ್ಲೇ ಸಿಕ್ಕಿಕೊಂಡಿರುತ್ತದೆ. ಬಿರಡೆ ತೆಗೆಯುವ ತಿರುಪಿನಲ್ಲಿ ಸಣ್ಣ ಬ್ಲೇಡು ಇದ್ದರೆ ಅದು ಅಮೆರಿಕದ ವಿಮಾನದಲ್ಲಿ ಕೈಚೀಲಕ್ಕೆ ಸಲ್ಲದು. ದಾರಿಯ ಬಂದರಿನಲ್ಲಿ ಕೊಂಡ ಮದ್ಯವನ್ನು ಹೆಚ್ಚಿನ ಹಡಗುಗಳು ಹತ್ತುವ ಬಾಗಿಲಲ್ಲೇ ಪಡೆದು, ಚೀಟಿ ಕೊಟ್ಟು, ಪ್ರಯಾಣದ ಕೊನೆಗೆ ಮರಳಿಸುತ್ತವೆ.

ಊಟದ ಮೇಜಿನಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಶುಲ್ಕ ಯಾವುದಕ್ಕೆಂದು ಅರ್ಥವಾಗುತ್ತದೆ. ಪ್ರಯಾಣಿಕ ಬಾಟಲಿಯನ್ನು ಬಡಿಸುವವನ ಕೈಗೆ ಕೊಡುತ್ತಾನೆ. ದೊಡ್ಡ ಹಡಗಾದರೆ ವೈನ್ ನೋಡಿಕೊಳ್ಳುವ ಸೊಮೆಲಿಯೆ ಬರುತ್ತಾನೆ. ಅವನು ಲೇಬಲನ್ನು ಎದುರು ಹಿಡಿದು ತೋರಿಸಿ, ಮಡಚುವ ತಿರುಪಿನ ಬ್ಲೇಡಿನಿಂದ ಬಾಟಲಿಯ ತುಟಿಯ ಕೆಳಗೆ ತಗಡನ್ನು ಸುತ್ತ ಕೊಯ್ಯುತ್ತಾನೆ. ಸನ್ನೆಯಂತೆ ಎತ್ತುವ ಈ ಮಡಚು ತಿರುಪಿಗೆ 1882ರಲ್ಲಿ ಪೇಟೆಂಟ್ ಪಡೆದವನು ಜರ್ಮನಿಯ ಕಾರ್ಲ್ ವೀನ್ಕೆ. ಇಂದಿಗೂ ಬಡಿಸುವವರ ಜೇಬಿನಲ್ಲಿರುವುದು ಬಹುಮಟ್ಟಿಗೆ ಅದೇ. ಬಿರಡೆ ಸದ್ದಿಲ್ಲದೆ ಹೊರಬರಬೇಕು, ಅದೇ ಕೈಚಳಕ. ತಂದವನ ಗ್ಲಾಸಿಗೆ ಒಂದು ಗುಟುಕು ಹಾಕಿ, ಅವನು ತಲೆಯಾಡಿಸಿದ ಮೇಲೆ ಉಳಿದವರಿಗೆ. ಶುಲ್ಕ ಕೋಣೆಯ ಕಾರ್ಡಿಗೆ ಸೇರುತ್ತದೆ. ಬಾಟಲಿಯಲ್ಲಿ ವೈನ್ ಉಳಿದರೆ ಬಿರಡೆ ಒತ್ತಿ, ಕುತ್ತಿಗೆಗೆ ಕೋಣೆಯ ಸಂಖ್ಯೆ ಬರೆದ ಚೀಟಿ ಕಟ್ಟಿ ಒಳಗಿಡುತ್ತಾರೆ. ಮರುದಿನ ರಾತ್ರಿ ಅದೇ ಬಾಟಲಿ ಮತ್ತೆ ಮೇಜಿಗೆ ಬರುತ್ತದೆ. ಎರಡನೇ ದಿನಕ್ಕೆ ಬೇರೆ ಶುಲ್ಕವಿಲ್ಲ. ಸಾವಿರಾರು ಜನರ ಊಟ ನಡೆಯುವ ಹಾಲಿನಲ್ಲಿ ಅರ್ಧ ಬಾಟಲಿಯೊಂದನ್ನು ನೆನಪಿಟ್ಟು ಸರಿಯಾದ ಮೇಜಿಗೆ ಮುಟ್ಟಿಸುವುದು ಸಣ್ಣ ಕೆಲಸವಲ್ಲ.

ಇನ್ನು ಹಣದ ಲೆಕ್ಕ. ಅಂಗಡಿಯಲ್ಲಿ 20 ಡಾಲರಿಗೆ ಸಿಗುವ ವೈನ್ ಹಡಗಿನ ಪಟ್ಟಿಯಲ್ಲಿ 50 ಡಾಲರು ಎಂದಿಟ್ಟುಕೊಳ್ಳೋಣ. ಅಮೆರಿಕದ ಹಡಗುಗಳು ಪಾನೀಯದ ಮೇಲೆ ಶೇಕಡ 18ರಿಂದ 20ರಷ್ಟು ಸೇವಾಶುಲ್ಕ ಸೇರಿಸುವುದರಿಂದ ಕೊಡಬೇಕಾದದ್ದು 59 ಡಾಲರು ಅಥವಾ ಅದಕ್ಕೂ ಹೆಚ್ಚು. ಸ್ವಂತದ್ದಾದರೆ 20ಕ್ಕೆ 15 ಸೇರಿ 35. ಉಳಿತಾಯ ಸ್ಪಷ್ಟ. ಎಂಟು ಡಾಲರಿನ ವೈನಿಗೂ 15 ಡಾಲರು ಕೊಡುವುದು ಬೇರೆ ಮಾತು. ವಸ್ತುವಿಗಿಂತ ಅದನ್ನು ತೆರೆಯುವ ಖರ್ಚೇ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಅಂಥ ಬಾಟಲಿಯನ್ನು ಕೋಣೆಯ ಬಾಲ್ಕನಿಯಲ್ಲಿ ಕುಡಿಯುವುದೇ ಲೇಸು. ಕೋಣೆಯಲ್ಲಿ ಗ್ಲಾಸಿಗೆ ಸುರಿದುಕೊಂಡು ಊಟದ ಹಾಲಿಗೆ ನಡೆದುಬರುವವರೂ ಉಂಟು. ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ದಿನವಿಡೀ ಕುಡಿಯುವ ಪಾನೀಯದ ಪ್ಯಾಕೇಜ್ ಕೊಂಡವರು ಬಾಟಲಿ ಹೊರುವುದರಲ್ಲಿ ಅರ್ಥವಿಲ್ಲ. ಆದರೆ ಹಲವು ಕಂಪನಿಗಳಲ್ಲಿ ಒಂದೇ ಕೋಣೆಯ ವಯಸ್ಕರೆಲ್ಲ ಆ ಪ್ಯಾಕೇಜನ್ನು ಕೊಳ್ಳಲೇಬೇಕು. ಊಟಕ್ಕೊಂದು ಗ್ಲಾಸು ಸಾಕೆನ್ನುವ ದಂಪತಿಗೆ ಅದು ನಷ್ಟ. 750 ಮಿಲಿಲೀಟರಿನ ಬಾಟಲಿಯಲ್ಲಿ 150 ಮಿಲಿಲೀಟರಿನ ಐದು ಗ್ಲಾಸು ಬರುತ್ತದೆ. ಇಬ್ಬರಿಗೆ ಎರಡು ರಾತ್ರಿಗೆ ಸಾಕು.

ಈ ಲೆಕ್ಕವನ್ನೆಲ್ಲ ಬದಿಗಿಟ್ಟು ಹೇಳುವುದಾದರೆ, ಶುಲ್ಕ ಕೊಟ್ಟು ಮೇಜಿಗೆ ತರಬೇಕಾದದ್ದು ಹಡಗಿನ ಪಟ್ಟಿಯಲ್ಲಿ ಎಂದೂ ಸಿಗದ ವೈನನ್ನು: ಮದುವೆಯಾದ ವರ್ಷದ ಸುಗ್ಗಿಯದು, ಮಗಳು ಮೊದಲ ಸಂಬಳದಲ್ಲಿ ಕೊಡಿಸಿದ್ದು, ತಾವೇ ತೋಟಕ್ಕೆ ಹೋಗಿ ತಂದದ್ದು. ಪಟ್ಟಿಯಲ್ಲಿರುವ ವೈನನ್ನೇ ಹೊರಗಿನಿಂದ ತಂದು ಮುಂದಿಡುವುದು ಸಭ್ಯತೆಯಲ್ಲ ಎಂದು ವೈನ್ ಬಲ್ಲವರು ಎಲ್ಲ ಕಡೆಯೂ ಭಾವಿಸುತ್ತಾರೆ. ಅಪರೂಪದ ಬಾಟಲಿಯಾದರೆ ಸೊಮೆಲಿಯೆಗೂ ಒಂದು ಗುಟುಕು ಕೊಡುವುದು ಹಳೆಯ ಮರ್ಯಾದೆ.

ಹಳೆಯ ಕೆಂಪು ವೈನಿಗೆ ಪ್ರಯಾಣ ಕಷ್ಟ. ವರ್ಷಗಟ್ಟಲೆ ಮಲಗಿದ್ದ ಬಾಟಲಿಯ ತಳದಲ್ಲಿ ಗಸಿ ಕೂತಿರುತ್ತದೆ. ಚೀಲದಲ್ಲಿ ಕುಲುಕಿದಾಗ ಅದು ಎದ್ದು ವೈನೆಲ್ಲ ಕದಡಿ, ಬಾಯಿಗೆ ಕಹಿಯಾಗುತ್ತದೆ. ಆದ್ದರಿಂದ ಅಂಥದನ್ನು ಮೊದಲ ರಾತ್ರಿಯೇ ತೆರೆಯಬಾರದು. ಕೋಣೆಯ ಬೀರುವಿನ ಮೂಲೆಯಲ್ಲಿ, ಉರುಳದಂತೆ ಬಟ್ಟೆ ಒತ್ತಿ, ನೆಟ್ಟಗೆ ಒಂದೆರಡು ದಿನ ನಿಲ್ಲಿಸಿ, ಸಮುದ್ರ ಶಾಂತವಾಗಿರುವ ರಾತ್ರಿ ಗಸಿ ಕದಡದಂತೆ ಬೇರೆ ಪಾತ್ರೆಗೆ ಬಗ್ಗಿಸಿಕೊಡಿ ಎಂದು ಕೇಳಬೇಕು. ಕೆಂಪು ವೈನಿಗೆ 15ರಿಂದ 18 ಡಿಗ್ರಿ ಸೆಲ್ಸಿಯಸ್, ಬಿಳಿಯದಕ್ಕೆ 8ರಿಂದ 12 ಡಿಗ್ರಿ ಹಿತ. ಷಾಂಪೇನ್ ಬಾಟಲಿಯೊಳಗೆ ಸುಮಾರು ಆರು ವಾಯುಭಾರದ ಒತ್ತಡವಿರುತ್ತದೆ, ಕಾರಿನ ಟೈರಿನ ಎರಡೂವರೆ ಪಟ್ಟಿಗೂ ಮಿಗಿಲು. ಕುಲುಕಿದ್ದನ್ನು ತಣಿಸದೆ ಸಣ್ಣ ಕೋಣೆಯಲ್ಲಿ ತೆರೆಯುವುದು ಕಣ್ಣಿಗೂ ಕನ್ನಡಿಗೂ ಅಪಾಯ.

ಕರ್ನಾಟಕದಿಂದ ಹೊರಟು ಅಮೆರಿಕದ ಮಯಾಮಿಯಲ್ಲೋ ಗ್ಯಾಲ್ವೆಸ್ಟನ್‌ನಲ್ಲೋ ಹಡಗು ಹತ್ತುವವರು ಊರಿನ ವೈನನ್ನೇ ಒಯ್ಯಬಹುದು. ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಲ್ಲಿ 1988ರಲ್ಲಿ ಸ್ಥಾಪನೆಯಾದ ಗ್ರೋವರ್ ತೋಟದ ಲಾ ರಿಸರ್ವ್, ಹಂಪಿ ಸೀಮೆಯ ಕೃಷ್ಮಾದ ಕೆಂಪು ವೈನುಗಳು ಅಮೆರಿಕದ ಹಡಗಿನ ಪಟ್ಟಿಯಲ್ಲಿ ಕಾಣುವುದು ದುರ್ಲಭ. ಶೇಕಡ 24ಕ್ಕಿಂತ ಕಡಿಮೆ ಮದ್ಯಸಾರದ ವೈನಿಗೆ ವಿಮಾನದ ಚೆಕ್-ಇನ್ ಪೆಟ್ಟಿಗೆಯಲ್ಲಿ ಗಟ್ಟಿ ಮದ್ಯಕ್ಕಿರುವ ಐದು ಲೀಟರಿನ ಮಿತಿ ಅನ್ವಯಿಸುವುದಿಲ್ಲ. ಅಮೆರಿಕದ ಕಸ್ಟಮ್ಸ್ 21 ತುಂಬಿದವರಿಗೆ ಸುಂಕವಿಲ್ಲದೆ ಒಂದು ಲೀಟರ್ ಬಿಡುತ್ತದೆ. ಒಬ್ಬರಿಗೆ ಒಂದು ಬಾಟಲಿ ಎಂಬ ಹಡಗಿನ ನಿಯಮಕ್ಕೂ ಅದು ಸರಿಹೊಂದುತ್ತದೆ. ವಿಮಾನ ನಿಲ್ದಾಣದ ಸುಂಕರಹಿತ ಅಂಗಡಿಯಲ್ಲಿ ಕೊಂಡ ಬಾಟಲಿಯನ್ನು ಅಮೆರಿಕದ ಮೊದಲ ನಿಲ್ದಾಣದಲ್ಲಿ ಕಸ್ಟಮ್ಸ್ ದಾಟಿದೊಡನೆ ಪೆಟ್ಟಿಗೆಗೆ ಸೇರಿಸಿ, ಬಂದರು ತಲುಪಿದ ಮೇಲೆ ಮತ್ತೆ ಕೈಚೀಲಕ್ಕೆ ತೆಗೆದುಕೊಳ್ಳುವುದು ಲೇಸು. ಯಾನ ಮುಗಿಸಿ ಗ್ಯಾಲ್ವೆಸ್ಟನ್‌ನಲ್ಲಿ ಇಳಿಯುವವರು, ಹೊರದೇಶದ ಬಂದರಿನಲ್ಲಿ ಕೊಂಡು ತಂದ ಬಾಟಲಿಗೆ ಟೆಕ್ಸಸ್ ರಾಜ್ಯದ ತೆರಿಗೆಯನ್ನು ಬಂದರಿನಲ್ಲೇ ಕಟ್ಟಿ ಹೊರಗೆ ಬರಬೇಕಾಗುತ್ತದೆ.