ಮುಡುಕುತೊರೆ ಎಂಬ ಹೆಸರು

ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ತಲಕಾಡಿಗೆ ಸಮೀಪವಾಗಿ ಕಾವೇರೀತೀರದಲ್ಲಿರುವ ಮುಡುಕುತೊರೆಯ ಬೆಟ್ಟಕ್ಕೆ ಸೋಮಗಿರಿಯೆಂಬ ಸಂಸ್ಕೃತನಾಮವೂ ಉಂಟು. ಶಿಖರದ ಮಲ್ಲಿಕಾರ್ಜುನನು ತಲಕಾಡಿನ ಪಂಚಲಿಂಗಗಳಲ್ಲೊಬ್ಬನು. 2020ರ ಡಿಸೆಂಬರಿನ ಪಂಚಲಿಂಗದರ್ಶನದಲ್ಲಿಯೂ ಯಾತ್ರಿಕರು ಈ ಬೆಟ್ಟವನ್ನೇರಿದರು. ಎರಡು ಹೆಸರುಗಳಲ್ಲಿ ಪ್ರಾಚೀನವಾದುದು ಯಾವುದು? ಸಂಸ್ಕೃತದ್ದೇ ಮೂಲವೆಂದು ನಾನೂ ಬಹುಕಾಲ ನಂಬಿದ್ದೆನು. ಪಾಠಶಾಲೆಯ ಅಭ್ಯಾಸವು ಸುಲಭವಾಗಿ ಬಿಡತಕ್ಕುದಲ್ಲ. ಆದರೆ ಮೇಲೆ ನಿಂತು ನೋಡಿದವನಿಗೆ ಬೇರೆಯೇ ತೋರುವುದು: ಕೆಳಗೆ ಕಾವೇರಿಯು ಬಾಗಿ ಹರಿಯುತ್ತಾಳೆ. ಮುಡುಕೆಂದರೆ ಬಾಗು, ತೊರೆಯೆಂದರೆ ಹೊಳೆ. ತಮಿಳಿನ ಮುಡುಕ್ಕು ಎಂಬುದಕ್ಕೂ ಮೂಲೆ, ತಿರುವು ಎಂಬ ಅರ್ಥಗಳಿವೆ. ಮುದುಕುತೊರೆಯೆಂದು ಬರೆದರೆ ಡಕಾರದೊಡನೆ ಅರ್ಥವೂ ಹೋಗುವುದು. ಸೋಮಗಿರಿಯೆಂಬ ಶಿವಪರವಾದ ಹೆಸರು ದೇವಾಲಯವಾದ ಬಳಿಕ ಹುಟ್ಟಿರಬೇಕು. ಹೊಳೆಯ ಮುಡುಕಾದರೋ ಅದಕ್ಕೂ ಮೊದಲಿನದು. ಆದುದರಿಂದ ಹೊಳೆಯ ಹೆಸರೇ ಬೆಟ್ಟಕ್ಕೆ ಸಂದಿತೆಂದೂ, ಕನ್ನಡದ ಹೆಸರೇ ಪೂರ್ವದ್ದೆಂದೂ ನನ್ನ ಮತ.