ಕಲೆಯ ರೋಹಿತದಿಂದ ಬಟ್ಟೆಯನ್ನು ಕಳೆಯುವುದು

ಒಣಗಿದ ರಕ್ತದಲ್ಲಿ ಹೆಚ್ಚಿನ ಪಾಲು ಪ್ರೋಟೀನು. ಅದರ ಅಮೈಡ್ ಬಂಧಗಳು ಅವಕೆಂಪು ಕಿರಣಗಳನ್ನು ಹೀರಿ, ಸೆಂಟಿಮೀಟರಿಗೆ ಸುಮಾರು 1650 ಮತ್ತು 1540 ಅಲೆಗಳಿರುವಲ್ಲಿ ಎರಡು ಪಟ್ಟೆಗಳನ್ನು ಮೂಡಿಸುತ್ತವೆ. ಪಟ್ಟೆ ಎಷ್ಟು ಗಾಢವೋ ರಕ್ತ ಅಷ್ಟು ಹೆಚ್ಚು ಎನ್ನಬಹುದು. ಆದರೆ ರಕ್ತವಿರುವುದು ಬಟ್ಟೆಯ ಮೇಲೆ. ನೂಲಿನ ಎಳೆಗಳು ಬೆಳಕನ್ನು ಚದುರಿಸುತ್ತವೆ, ತಾವೂ ಹೀರುತ್ತವೆ. ಹತ್ತಿಯೊಳಗಿನ ತೇವವೂ 1640ರ ಬಳಿ ಹೀರುತ್ತದೆ. ಉಪಕರಣ ಬರೆದ ರೋಹಿತವನ್ನು ಹಾಗೆಯೇ ನಂಬಿದರೆ ತೇವವೇ ರಕ್ತವೆಂದು ಲೆಕ್ಕಕ್ಕೆ ಬಂದೀತು. ನ್ಯಾಯಾಲಯದಲ್ಲಿ ಅದು ಸಣ್ಣ ತಪ್ಪಲ್ಲ. ಆದ್ದರಿಂದ ಅಳತೆಗೆ ಮೊದಲು ರೋಹಿತವನ್ನು ಹಸನು ಮಾಡಬೇಕು.

ಇದಕ್ಕೆ ಬಳಸುವ ಮುಖ್ಯ ವಿಧಾನಗಳಾವುವೂ ರಕ್ತಕ್ಕಾಗಿ ಹುಟ್ಟಿದವಲ್ಲ. ಪ್ರತಿಫಲಿಸಿದ ಬೆಳಕಿನಿಂದ ಹೀರಿಕೆಯನ್ನು ಲೆಕ್ಕಹಾಕುವ ಸೂತ್ರವನ್ನು 1931ರಲ್ಲಿ ಕುಬೆಲ್ಕಾ ಮತ್ತು ಮುಂಕ್ ಕೊಟ್ಟದ್ದು ಗೋಡೆಗೆ ಬಳಿಯುವಂಥ ಬಣ್ಣದ ಲೇಪಗಳಿಗೆ. ಚದರುವಿಕೆಯ ತಿದ್ದುಪಡಿಯನ್ನು 1985ರಲ್ಲಿ ಗೆಲಾಡಿ, ಮ್ಯಾಕ್‌ಡೂಗಲ್, ಮಾರ್ಟೆನ್ಸ್ ಪ್ರಕಟಿಸಿದ್ದು ಮಾಂಸದ ರೋಹಿತಗಳಿಗೆ!

ಇವೆರಡರ ನಡುವೆ ಬಂದದ್ದು 1964ರ ಲೇಖನ. ಪರ್ಕಿನ್-ಎಲ್ಮರ್ ಕಂಪನಿಯ ಸವಿಟ್ಸ್ಕಿ ಮತ್ತು ಗೊಲೆ ಸರಳ ಉಪಾಯ ಹೇಳಿದರು: ಪಕ್ಕಪಕ್ಕದ ಕೆಲವು ಬಿಂದುಗಳಿಗೆ ಬಹುಪದಿಯೊಂದನ್ನು ಹೊಂದಿಸಿ, ನಡುವಿನ ಬಿಂದುವಿನ ಬೆಲೆಯನ್ನೋ ಇಳಿಜಾರನ್ನೋ ಓದಿಕೊಳ್ಳಿ. ಇಳಿಜಾರನ್ನು ಓದಿದರೆ ರೋಹಿತವನ್ನು ಇಡಿಯಾಗಿ ಮೇಲೆತ್ತಿದ್ದ ಹಿನ್ನೆಲೆ ಕಳಚಿ ಬೀಳುತ್ತದೆ. ಎರಡನೆಯ ಅವಕಲನದಲ್ಲಿ ಓರೆಯಾದ ಹಿನ್ನೆಲೆಯೂ ಹೋಗುತ್ತದೆ. ಆದರೆ ಪ್ರತಿ ಅವಕಲನವೂ ಗದ್ದಲವನ್ನು ಹಿಗ್ಗಿಸುತ್ತದೆ. ಬಿಂದುಗಳನ್ನು ಹೆಚ್ಚಿಸಿದರೆ ಗದ್ದಲ ಅಡಗುತ್ತದೆ, ಜೊತೆಗೆ ಮಸುಕಾದ ಕಲೆಯೂ ಅಡಗೀತು. ಅಂದಹಾಗೆ, ಆ ಲೇಖನದ ಕೋಷ್ಟಕಗಳಲ್ಲೇ ತಪ್ಪುಗಳಿದ್ದವು. ಸ್ಟೈನಿಯೆ ಮತ್ತು ಸಂಗಡಿಗರು ಅವನ್ನು ತಿದ್ದಿದ್ದು 1972ರಲ್ಲಿ.

ಅದೇ 1964ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ (1920–2023) 'ಸಂಖ್ಯಾ' ಪತ್ರಿಕೆಯಲ್ಲಿ ಪ್ರಧಾನ ಘಟಕಗಳ ವಿಶ್ಲೇಷಣೆಯನ್ನು ಪ್ರಯೋಗಗಳಲ್ಲಿ ಬಳಸುವ ಬಗೆಯನ್ನು ವಿವರವಾಗಿ ಬರೆದರು. ನೂರಾರು ಬಿಂದುಗಳ ರೋಹಿತವನ್ನು ಕೆಲವೇ ಘಟಕಗಳಿಗೆ ಇಳಿಸಿ, ನೇಯ್ಗೆಯಿಂದ ಬಂದ ಏರಿಳಿತ ಯಾವುದು, ಕಲೆಯಿಂದ ಬಂದದ್ದು ಯಾವುದು ಎಂದು ವಿಂಗಡಿಸಲು ಈ ವಿಶ್ಲೇಷಣೆ ಇಂದು ನೆರವಾಗುತ್ತದೆ.

ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಅಕ್ರಿಲಿಕ್, ಹತ್ತಿ, ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳ ಮೇಲೆ ಎಷ್ಟು ತೆಳುವಾದ ರಕ್ತವನ್ನು ಪತ್ತೆಹಚ್ಚಬಹುದೆಂದು ಅಳೆದು ಪ್ರಕಟಿಸಿತು. ರಾಜಾಜಿನಗರದ ಬಟ್ಟೆ ಅಂಗಡಿಗೆ ಹೋದರೆ ಇವುಗಳ ಜೊತೆ ರೇಷ್ಮೆಯೂ ಸಿಗುತ್ತದೆ. ನನ್ನ ಎಣಿಕೆಯಲ್ಲಿ ನಮಗೆ ತೊಡಕಾಗುವುದು ಅದೇ. ರೇಷ್ಮೆಯೇ ಪ್ರೋಟೀನು; ಅದರ ಅಮೈಡ್ ಪಟ್ಟೆಗಳು ರಕ್ತದ ಪಟ್ಟೆಗಳ ಮೇಲೆಯೇ ಕೂರುತ್ತವೆ. ನೈಲಾನಿನಲ್ಲಿಯೂ ಅಮೈಡ್ ಬಂಧವಿದೆ. ಇಂಥ ಕಡೆ ಎಷ್ಟು ಅವಕಲನ ಮಾಡಿದರೂ ಸಾಲದು. ಅದೇ ಬಟ್ಟೆಯ ಕಲೆಯಿಲ್ಲದ ಭಾಗದ ರೋಹಿತ ಬೇಕು. ಹಿಮೋಗ್ಲೋಬಿನ್ ಗೋಚರ ಬೆಳಕಿನಲ್ಲಿ 415 ನ್ಯಾನೋಮೀಟರಿನ ಬಳಿ ತೋರುವ ಪಟ್ಟೆಯನ್ನೂ ನೋಡಬೇಕು.